ಕಂಟ್ರಿ ಹಾಡುಗಳು ಇಷ್ಟು ಓಡ್ತಿದ್ರೂ ಬೈಗುಳ ಯಾಕೆ ತಪ್ತಿಲ್ಲ?

ಹೊಸ_ಕೇಳುಗ

ಅಮೆರಿಕದ ಕಂಟ್ರಿ ಸಂಗೀತದ ಬಗ್ಗೆ ಒಂದು ಗೊಂದಲ. ಅಲ್ಲಿ ಎಲ್ಲ ಬಗೆಯ ಜನಪ್ರಿಯ ಹಾಡುಗಳಿಗೂ ವಾರವಾರ ಸ್ಥಾನ ಕೊಡೋ ಬಿಲ್‌ಬೋರ್ಡ್ ಹಾಟ್ 100 ಪಟ್ಟಿ ಇದೆಯಲ್ಲ, 2023ರ ಆಗಸ್ಟ್ 5ರದ್ದರಲ್ಲಿ ಮೊದಲ ಮೂರೂ ಸ್ಥಾನ ಕಂಟ್ರಿ ಗಾಯಕರದ್ದೇ: ಜೇಸನ್ ಆಲ್ಡೀನ್, ಮಾರ್ಗನ್ ವಾಲನ್, ಲ್ಯೂಕ್ ಕೋಂಬ್ಸ್. ಆ ಪಟ್ಟಿಯ ಇತಿಹಾಸದಲ್ಲಿ ಹಾಗಾಗಿದ್ದು ಅದೇ ಮೊದಲು. ಆದರೂ ಈ ಸಂಗೀತ ಬಲ್ಲವರನ್ನು ಕೇಳಿ, "ರೇಡಿಯೋದಲ್ಲಿ ಬರೋದು ಕಂಟ್ರಿನೇ ಅಲ್ಲ" ಅಂತ ಮುಖ ಸಿಂಡರಿಸ್ತಾರೆ.

ಇದು "ನಮ್ಮ ಕಾಲದಲ್ಲಿ ಹೀಗಿರಲಿಲ್ಲ" ಅನ್ನೋ ಮಾಮೂಲಿ ಗೊಣಗಾಟವೋ, ಇಲ್ಲಾ ಕಿವಿಯಿಂದ ಕೇಳಿ ಗುರುತಿಸಬಹುದಾದ ಬದಲಾವಣೆ ಏನಾದ್ರೂ ಇದೆಯೋ? ಇದ್ದರೆ ಅದು ಯಾರಿಂದ ಆಯ್ತು? ಗಾಯಕರಿಂದಲೋ, ರೇಡಿಯೋದಿಂದಲೋ, ಕೇಳೋರಿಂದಲೋ? "ಪಾಪ್ ಆಗೋಯ್ತು ಗುರು" ಅಂತ ಒಂದೇ ಸಾಲಲ್ಲಿ ಮುಗಿಸಬೇಡಿ, ಸ್ವಲ್ಪ ಬಿಡಿಸಿ ಹೇಳಿ.

ತಂತಿನಾದ

ಸದ್ದಿನಿಂದ ಶುರು ಮಾಡ್ತೀನಿ, ಯಾಕಂದ್ರೆ ಬೈಯೋರಲ್ಲಿ ಅರ್ಧ ಜನಕ್ಕೆ ಚುಚ್ಚೋದು ಅದೇ.

ಮೊದಲು ತಾಳ. 2012ರ ಆಸುಪಾಸಿನಿಂದ ಕಂಟ್ರಿ ಉದ್ಯಮದ ಊರಾದ ನ್ಯಾಶ್‌ವಿಲ್‌ನ ಹಿಟ್ ಹಾಡುಗಳಲ್ಲಿ ಡ್ರಮ್ಮರ್ ನುಡಿಸಿದ್ದರ ಕೆಳಗೆ, ಕೆಲವೊಮ್ಮೆ ಅವನ ಬದಲಿಗೇ, ಹಿಪ್‌ಹಾಪ್ ಕಡೆಯಿಂದ ಬಂದ ಲೂಪ್, ಅಂದ್ರೆ ಮತ್ತೆ ಮತ್ತೆ ಸುತ್ತೋ ತಾಳದ ತುಣುಕು, ಕೂತಿರುತ್ತೆ. ಎರಡನೇ ಮತ್ತು ನಾಲ್ಕನೇ ಎಣಿಕೆಯಲ್ಲಿ ಸ್ನೇರ್ ಡ್ರಮ್ಮಿನ ಪೆಟ್ಟು ಬೀಳಬೇಕಾದ ಕಡೆ ಬೆರಳಿನ ಚಿಟಿಕೆ ಅಥವಾ ಚಪ್ಪಾಳೆ. ಇದಕ್ಕೆ ಅಲ್ಲಿಯವರು ಸ್ನ್ಯಾಪ್ ಟ್ರ್ಯಾಕ್ ಅಂತಾರೆ. ತಳದಲ್ಲಿ ರೋಲಂಡ್ ಟಿಆರ್-808 ಅನ್ನೋ ಡ್ರಮ್ ಯಂತ್ರದ ವಂಶದ ಉದ್ದನೆಯ ಬಾಸ್ ಗುಮ್ಮು. ಮೇಲೆ ಹೈ-ಹ್ಯಾಟ್ ಅನ್ನೋ ಲೋಹದ ತಾಳಜೋಡಿ ಪಟಪಟನೆ ಓಡ್ತಾ, ಆಗಾಗ ತಿಶ್ರಕ್ಕೆ ತಿರುಗಿ ಉರುಳುತ್ತೆ. ಹಳೆಯ ಕಂಟ್ರಿ ನಡೆಯಲ್ಲಿ ಬಾಸ್ 1 ಮತ್ತು 3ಕ್ಕೆ, ಸ್ನೇರ್ 2 ಮತ್ತು 4ಕ್ಕೆ ಬರೋದು. ಆ ಜೋಕಾಲಿಯಲ್ಲಿ ಖಾಲಿ ಜಾಗ ಇತ್ತು. ಗಾಯಕ ಒಂದು ಪದವನ್ನ ತಾಳಕ್ಕಿಂತ ತುಸು ಹಿಂದೆ ಇಟ್ಟರೆ ವಾದಕರು ಅವನ ಜೊತೆ ಬಾಗ್ತಿದ್ದರು. ಲೂಪ್ ಯಾರಿಗೂ ಬಾಗಲ್ಲ.

ಎರಡನೇದು ಪೆಡಲ್ ಸ್ಟೀಲ್, ಅಡ್ಡ ಮಲಗಿಸಿ ನುಡಿಸೋ ಒಂದು ಥರದ ಗಿಟಾರ್. ಗೋಟುವಾದ್ಯ ಕೇಳಿದವರಿಗೆ ಇದರ ಜಾರು ಥಟ್ಟನೆ ಗೊತ್ತಾಗುತ್ತೆ. ಎಡಗೈಯಲ್ಲಿ ಒಂದು ಗಟ್ಟಿ ತುಂಡು (ಇದರಲ್ಲಿ ಉಕ್ಕಿನ ಕಡ್ಡಿ) ಹಿಡಿದು ತಂತಿ ಮೇಲೆ ಜಾರಿಸೋದು ಎರಡರಲ್ಲೂ ಸುಮಾರು ಒಂದೇ. ಆದರೆ ಇದರಲ್ಲಿ ಕಾಲಿಗೂ ಕೆಲಸ ಇದೆ. ನ್ಯಾಶ್‌ವಿಲ್‌ನ ಸಾಮಾನ್ಯ ಇ9 ಶ್ರುತಿಯಲ್ಲಿ 10 ತಂತಿ, 3 ಪೆಡಲ್, ಮೊಣಕಾಲಿನಿಂದ ತಳ್ಳೋ 4–5 ಸನ್ನೆಗಳು. ಪೆಡಲ್ ಒತ್ತಿದಾಗ ಒಂದೋ ಎರಡೋ ತಂತಿ ಮಾತ್ರ ಸ್ವರ ಏರಿಸಿಕೊಳ್ಳುತ್ತೆ, ಪಕ್ಕದ ತಂತಿ ಇದ್ದಲ್ಲೇ ನಿಂತಿರುತ್ತೆ. ಕಂಟ್ರಿಯ ಆ "ಅಳು" ಹುಟ್ಟೋದು ಅಲ್ಲಿಂದ. 1954ರಲ್ಲಿ ಗಾಯಕ ವೆಬ್ ಪಿಯರ್ಸ್ ಹಾಡಿಗೆ ಬಡ್ ಐಸಾಕ್ಸ್ ಇದನ್ನ ನುಡಿಸಿ ಹಿಟ್ ಆದಮೇಲೆ ಎಲ್ಲರಿಗೂ ಬೇಕಾಯ್ತು.

ಅದರ ಕೆಲಸ ನಮ್ಮ ಕಚೇರಿಯ ಪಕ್ಕವಾದ್ಯದ ಪಿಟೀಲಿನದ್ದೇ: ಗಾಯಕ ಸಾಲು ಮುಗಿಸಿದ ಮೇಲೆ ಉಳಿಯೋ ಎರಡು ಎಣಿಕೆಯಲ್ಲಿ ಉತ್ತರ ಕೊಡೋದು. ಈಗಿನ ಮಿಕ್ಸ್‌ನಲ್ಲಿ ಆ ಎರಡು ಎಣಿಕೆಯೇ ಖಾಲಿ ಇರಲ್ಲ. ಒಂದೇ ಭಾಗವನ್ನ ಎರಡು ಸಲ ನುಡಿಸಿ ಒಂದನ್ನು ಎಡ ಕಿವಿಗೆ, ಒಂದನ್ನು ಬಲ ಕಿವಿಗೆ ಹಾಕಿದ ಒರಟು ಎಲೆಕ್ಟ್ರಿಕ್ ಗಿಟಾರ್‌ಗಳು ಪಲ್ಲವಿಯುದ್ದಕ್ಕೂ ಗೋಡೆ ಕಟ್ಟಿರ್ತವೆ. ಸ್ಟೀಲ್ ಹಿಂದೆಲ್ಲೋ ತಂಬೂರಿ ಥರ ಶ್ರುತಿ ಹಿಡಿದು ಕೂತಿರುತ್ತೆ. ಈ ಗೋಡೆ ರಾಕ್‌ನಿಂದ ಬಂದದ್ದು ಅನ್ನೋದಕ್ಕೆ ನೇರ ಕೊಂಡಿಯೂ ಇದೆ: ಫ್ಲೋರಿಡಾ ಜಾರ್ಜಿಯಾ ಲೈನ್ ಅನ್ನೋ ಗಾಯಕ ಜೋಡಿ ಮತ್ತು ಮಾರ್ಗನ್ ವಾಲನ್, ಈ ಎರಡೂ ಕಡೆಯ ನಿರ್ಮಾಪಕ ಜೋಯಿ ಮೊಯ್ ಅದಕ್ಕೆ ಮುಂಚೆ ಕೆನಡಾದ ನಿಕಲ್‌ಬ್ಯಾಕ್ ಬ್ಯಾಂಡಿನ ಆಲ್ಬಂಗಳ ಕೆಲಸ ಮಾಡಿದವರು.

ಮೂರನೇದು ಕಾರ್ಡುಗಳು, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗುಚ್ಛಗಳು. ಹಳೆಯ ಹಾಡುಗಳು ಹೆಚ್ಚಾಗಿ ಷಡ್ಜ, ಮಧ್ಯಮ, ಪಂಚಮದ ಮೇಲೆ ಕಟ್ಟಿದ ಮೂರೇ ಕಾರ್ಡುಗಳಲ್ಲಿ ಇರ್ತಿದ್ದವು. ಆದರೆ ಚರಣಕ್ಕೂ ಪಲ್ಲವಿಗೂ ಅವುಗಳ ಸಾಲು ಬೇರೆ. ಈಗ ಷಡ್ಜ–ಪಂಚಮ–ಧೈವತ–ಮಧ್ಯಮ ಅನ್ನೋ ನಾಲ್ಕರ ಸುತ್ತನ್ನ ಮೊದಲಿನಿಂದ ಕೊನೆವರೆಗೆ ತಿರುಗಿಸ್ತಾರೆ. 2015ರ ಹೊತ್ತಿಗೆ ಒಬ್ಬರು ಆರು ಹಿಟ್‌ಗಳನ್ನ ಒಂದರ ಮೇಲೊಂದು ಹಾಕಿ ಒಂದೇ ಹಾಡಿನಂತೆ ಕೇಳಿಸಿದ ವಿಡಿಯೋ ಓಡಾಡಿತ್ತಲ್ಲ, ಅದು ಸಾಧ್ಯವಾದದ್ದು ಕಾರ್ಡಿನ ಸುತ್ತು, ವೇಗ, ಪಲ್ಲವಿ ಬರೋ ಜಾಗ ಎಲ್ಲ ಹೆಚ್ಚುಕಡಿಮೆ ಒಂದೇ ಇದ್ದದ್ದಕ್ಕೆ.

ಧಾರವಾಡ_ಫೇಡಾ

ಅಲ್ರೀ ತಂತಿನಾದ, ನೀವು ಹೇಳಿದ್ದು ಖರೇ, ಆದ್ರ ಈ ಜಗಳಾ 2012ಕ್ಕ ಹುಟ್ಟಿದ್ದಲ್ಲ. 1950ರ ದಶಕದ ಕೊನಿಗೆ ರಾಕ್ ಅಂಡ್ ರೋಲ್ ಬಂದು ಕಂಟ್ರಿ ಮಾರಾಟ ಬಿದ್ದಾಗ ಚೆಟ್ ಆಟ್ಕಿನ್ಸ್, ಓವನ್ ಬ್ರಾಡ್ಲಿ ಅನ್ನೂ ನಿರ್ಮಾಪಕರೇ ಫಿಡಲ್, ಸ್ಟೀಲ್ ಹಿಂದ ಸರಿಸಿ ವಯೊಲಿನ್ ಗುಂಪು, ಕೋರಸ್ ತಂದು ಕೂಡ್ರಿಸಿದ್ರು. ಅದಕ್ಕ ನ್ಯಾಶ್‌ವಿಲ್ ಸೌಂಡ್ ಅಂತ ಹೆಸರಾತು. ಅಂದ್ರ ಏನು ಅಂತ ಕೇಳಿದವ್ರಿಗೆ ಆಟ್ಕಿನ್ಸ್ ಕಿಸೆದಾಗಿನ ಚಿಲ್ಲರೆ ಝಣಝಣ ಮಾಡಿ "ಇದ" ಅಂದ್ರಂತ, ಆ ಕಥಿ ಎಲ್ಲಾರೂ ಹೇಳ್ತಾರ.

1974ಕ್ಕ ಆಸ್ಟ್ರೇಲಿಯಾದಾಗ ಬೆಳೆದ ಪಾಪ್ ಗಾಯಕಿ ಒಲಿವಿಯಾ ನ್ಯೂಟನ್-ಜಾನ್‌ಗೆ ಸಿಎಂಎ (ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್) ವರ್ಷದ ಗಾಯಕಿ ಪ್ರಶಸ್ತಿ ಬಂತು. ಹಳಬರು ಸಿಟ್ಟಿಗೆದ್ದು ಗಾಯಕ ದಂಪತಿ ಜಾರ್ಜ್ ಜೋನ್ಸ್–ಟ್ಯಾಮಿ ವೈನೆಟ್ ಮನ್ಯಾಗ ಕೂಡಿ ತಮ್ಮದ ಬ್ಯಾರೆ ಸಂಘ ಕಟ್ಟಿದ್ರು. ಮರುವರ್ಷ ಪ್ರಶಸ್ತಿ ಹೇಳಾಕ ವೇದಿಕಿಗೆ ಬಂದ ಗಾಯಕ ಚಾರ್ಲಿ ರಿಚ್, ಪಾಪ್ ಕಡಿ ವಾಲಿದ್ದ ಜಾನ್ ಡೆನ್ವರ್ ಹೆಸರಿದ್ದ ಚೀಟಿಗೆ ಲೈಟರ್ ಹಚ್ಚಿ ಸುಟ್ಟಬಿಟ್ರು. ಟಿವಿಯೊಳಗ, ಎಲ್ಲಾರ ಮುಂದ!

ಹಂಗಾಗಿ "ಇದು ಪಾಪ್ ಆತು" ಅನ್ನೂ ದೂರಿನಿಂದ ಏನೂ ಸಿದ್ಧ ಆಗೂದಿಲ್ಲ. ಹಳೇ ಗಾಯಕಿ ಪ್ಯಾಟ್ಸಿ ಕ್ಲೈನ್ ಹಾಡಿನ ಹಿಂದ ಇದ್ದದ್ದೂ ಅದ ಓವನ್ ಬ್ರಾಡ್ಲಿ ಕೈ. ಇವತ್ತು ಅದನ್ನ ಶುದ್ಧ ಕಂಟ್ರಿ ಅಂತ ಪೂಜಾ ಮಾಡ್ತೀರಿ. ಈ ಸಲದ ಜಗಳಾ ಯಾಕ ಬ್ಯಾರೆ ಅನ್ನೂದನ್ನ ಮೊದಲ ಹೇಳ್ರಿ.

ಅಲೆಯ_ಲೆಕ್ಕ

ಧಾರವಾಡದವರ ಪ್ರಶ್ನೆ ಸರಿಯಾಗಿದೆ. ಪಾಪ್ ಬೆರೆಯುವುದು ಹಳೆಯ ರೋಗ. ಹೊಸದೇನೆಂದರೆ, ಬೆರಕೆ ಎಷ್ಟು ಎಂಬುದನ್ನು ನಿರ್ಧರಿಸುವವರ ಸಂಖ್ಯೆ ಕುಗ್ಗಿತು. ಇದಕ್ಕೆ ದಿನಾಂಕಗಳಿವೆ.

ಮೊದಲನೆಯದು ಅಮೆರಿಕದ 1996ರ ಟೆಲಿಕಮ್ಯುನಿಕೇಷನ್ಸ್ ಕಾಯ್ದೆ. ಅದಕ್ಕೆ ಮುಂಚೆ ಒಂದು ಕಂಪನಿ ದೇಶದಾದ್ಯಂತ 40 ರೇಡಿಯೋ ಸ್ಟೇಷನ್‌ಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿರಲಿಲ್ಲ. ಕಾಯ್ದೆ ಆ ಮಿತಿಯನ್ನೇ ಕಿತ್ತುಹಾಕಿತು, 45 ಅಥವಾ ಅದಕ್ಕಿಂತ ಹೆಚ್ಚು ಸ್ಟೇಷನ್‌ಗಳಿರುವ ಊರಲ್ಲಿ ಒಬ್ಬರೇ 8 ಹೊಂದಲು ಬಿಟ್ಟಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿ ಸುಮಾರು 1,200 ಸ್ಟೇಷನ್‌ಗಳ ಒಡೆಯ. ಊರೂರಿನ ಡಿಜೆ ತನಗೆ ಹಿಡಿಸಿದ ಸ್ಥಳೀಯ ಗಾನತಟ್ಟೆ ಹಾಕುವ ಕಾಲ ಮುಗಿದು, ಹಾಡುಪಟ್ಟಿ ಮೇಲಿನಿಂದ ಇಳಿಯತೊಡಗಿತು.

ಎರಡನೆಯದು ಅಳತೆ. 2007ರಿಂದ ದೊಡ್ಡ ನಗರಗಳಲ್ಲಿ ಪಿಪಿಎಂ ಎಂಬ ಸಣ್ಣ ಸಾಧನ ಬಂತು. ಆಯ್ದ ಕೇಳುಗರು ಅದನ್ನು ಮೈಮೇಲೆ ಧರಿಸಿರುತ್ತಾರೆ. ಪ್ರಸಾರದಲ್ಲಿ ಅಡಗಿಸಿಟ್ಟ, ಕಿವಿಗೆ ಕೇಳದ ಸಂಕೇತವನ್ನು ಅದು ಹಿಡಿದು ಯಾರು ಯಾವ ನಿಮಿಷ ಯಾವ ಸ್ಟೇಷನ್ ಕೇಳಿದರು ಎಂದು ಬರೆದುಕೊಳ್ಳುತ್ತದೆ. ಅದಕ್ಕೆ ಮುಂಚೆ ಜನ ಡೈರಿಯಲ್ಲಿ ನೆನಪಿನಿಂದ ಗೀಚುತ್ತಿದ್ದರು. ಕಾಲು ಗಂಟೆಯ ಲೆಕ್ಕ ಸಿಗಬೇಕಾದರೆ ಅದರೊಳಗೆ ಕನಿಷ್ಠ 5 ನಿಮಿಷ ಕೇಳಿರಬೇಕಿತ್ತು, 2025ರಿಂದ ಅದು 3 ನಿಮಿಷ. ಪರಿಣಾಮ ಊಹಿಸಿ. ಯಾವ ಹಾಡಿಗೆ ಕೇಳುಗ ಸ್ಟೇಷನ್ ಬದಲಿಸಿದ ಎಂದು ಕಾಣಿಸತೊಡಗಿತು. ಪ್ರೋಗ್ರಾಮ್ ಡೈರೆಕ್ಟರ್‌ಗೆ ಒಬ್ಬ ಕೇಳುಗನ ಪ್ರೀತಿ ಗೆಲ್ಲುವುದಕ್ಕಿಂತ ಹತ್ತು ಜನ ಗುಂಡಿ ಒತ್ತದಂತೆ ನೋಡಿಕೊಳ್ಳುವುದು ಲಾಭ.

ಮೂರನೆಯದು ಕಾಲ್‌ಔಟ್ ಸಮೀಕ್ಷೆ. ಪಲ್ಲವಿಯ ಹತ್ತು ಸೆಕೆಂಡಿನಷ್ಟು ತುಣುಕು ಕೇಳಿಸಿ "ಗೊತ್ತಾ? ಇಷ್ಟವಾ? ಸಾಕಾಯ್ತಾ?" ಎಂದು ಕೇಳುತ್ತಾರೆ. ನಾಲ್ಕು ಚರಣಗಳಲ್ಲಿ ನಿಧಾನವಾಗಿ ಬಿಚ್ಚಿಕೊಳ್ಳುವ ಕಥೆ ಹತ್ತು ಸೆಕೆಂಡಿನ ಪರೀಕ್ಷೆಯಲ್ಲಿ ಪಾಸಾಗುವುದು ಹೇಗೆ? ಪಾಸಾಗುವುದು ಮೊನ್ನೆ ಕೇಳಿದ ಯಾವುದೋ ಹಾಡನ್ನು ಹೋಲುವ ಪಲ್ಲವಿ. ಹೀಗೆ ಎಲ್ಲರೂ ಎಚ್ಚರಿಕೆಯಿಂದ ಹೆಜ್ಜೆಯಿಡುವುದರಿಂದ ಒಂದು ಹಾಡು ಪಟ್ಟಿಯ ತುದಿ ಮುಟ್ಟಲು 40–50 ವಾರ ಹಿಡಿಯುವುದೂ ಈಗ ಅಪರೂಪವಲ್ಲ, ಅಷ್ಟು ದಿನವೂ ಕೇಳುಗನ ಕಿವಿಯಲ್ಲಿ ಅದೇ ಹಾಡು.

ಕೊನೆಯದು 2012ರ ಅಕ್ಟೋಬರ್. ಬಿಲ್‌ಬೋರ್ಡ್ ತನ್ನ ಹಾಟ್ ಕಂಟ್ರಿ ಪಟ್ಟಿಗೆ ಕಂಟ್ರಿ ಸ್ಟೇಷನ್‌ಗಳ ಪ್ರಸಾರವನ್ನಷ್ಟೇ ಅಲ್ಲದೆ ಮಾರಾಟ, ಸ್ಟ್ರೀಮಿಂಗ್ ಮತ್ತು ಪಾಪ್ ಸ್ಟೇಷನ್‌ಗಳ ಪ್ರಸಾರವನ್ನೂ ಸೇರಿಸಿತು. ಪಾಪ್ ರೇಡಿಯೋಕ್ಕೂ ಹೊಂದುವ ಹಾಡಿಗೆ ಅಂದಿನಿಂದ ಎರಡು ಕಡೆಯ ಅಂಕ. ಫ್ಲೋರಿಡಾ ಜಾರ್ಜಿಯಾ ಲೈನ್‌ನ ‘ಕ್ರೂಸ್’, ರ‍್ಯಾಪರ್ ನೆಲ್ಲಿ ಸೇರಿಕೊಂಡ ಆವೃತ್ತಿಯ ಬಲದಿಂದ, 24 ವಾರ ಮೊದಲ ಸ್ಥಾನದಲ್ಲಿ ಕೂತಿತು. ಪಾಪ್ ಗಾಯಕಿ ಬೀಬಿ ರೆಕ್ಸಾ ಜೊತೆ ಅದೇ ಜೋಡಿ ಹಾಡಿದ ‘ಮೆಂಟ್ ಟು ಬಿ’ 50 ವಾರ. ವರ್ಷಕ್ಕೆ 52 ವಾರ ಎಂಬುದು ನೆನಪಿರಲಿ.

ಚೆಟ್ ಆಟ್ಕಿನ್ಸ್ ಪಾಪ್ ಬೆರೆಸಿದಾಗ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನಲ್ಲಿ ಬಕ್ ಓವೆನ್ಸ್ ಒರಟು ಟೆಲಿಕಾಸ್ಟರ್ ಗಿಟಾರ್ ಹಿಡಿದು ಎದುರು ಸದ್ದು ಮಾಡಿದರು, ಅದು ರೇಡಿಯೋದಲ್ಲೂ ಬಂತು. 2013ರಲ್ಲಿ ಅಂಥ ಎದುರು ಸದ್ದು ಇತ್ತು, ಆದರೆ ರೇಡಿಯೋದ ಬಾಗಿಲು ಅದಕ್ಕೆ ತೆರೆಯಲಿಲ್ಲ. ವ್ಯತ್ಯಾಸ ಅಷ್ಟೇ, ಆದರೆ ಸಣ್ಣದಲ್ಲ.

ಚರಣ_ಪಲ್ಲವಿ

ಸಾಹಿತ್ಯದ ಬಗ್ಗೆ ಯಾರೂ ಮಾತಾಡ್ಲಿಲ್ಲ, ಬೈಗುಳದ ದೊಡ್ಡ ಪಾಲು ಅಲ್ಲೇ ಇರೋದು.

2013ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಪತ್ರಿಕೆಯ ವಿಮರ್ಶಕ ಜೋಡಿ ರೋಸೆನ್ "ಬ್ರೋ-ಕಂಟ್ರಿ" ಅನ್ನೋ ಪದ ಹುಟ್ಟುಹಾಕಿದರು. ಸಾಮಗ್ರಿ ಪಟ್ಟಿ ಚಿಕ್ಕದು: ಪಿಕಪ್ ಟ್ರಕ್ಕು, ಅದರ ಹಿಂಬಾಗಿಲ ಮೇಲೆ ಕೂತ ಹುಡುಗಿ, ಕತ್ತರಿಸಿದ ಜೀನ್ಸು, ಮಣ್ಣುರಸ್ತೆ, ನದಿ ದಂಡೆ, ತಣ್ಣನೆ ಬಿಯರು, ಬೆಳದಿಂಗಳು. ಹುಡುಗಿಗೆ ಹೆಸರಿಲ್ಲ, ಮಾತಿಲ್ಲ. 2014ರಲ್ಲಿ ಮ್ಯಾಡಿ ಅಂಡ್ ಟೇ ಅನ್ನೋ ಹುಡುಗಿಯರ ಜೋಡಿ ಇದನ್ನೇ ಗೇಲಿ ಮಾಡಿ ಹಾಡಿದ್ದು ಅದೇ ಕಂಟ್ರಿ ರೇಡಿಯೋದಲ್ಲಿ ನಂಬರ್ ಒನ್ ಆಯ್ತು. ಕೇಳೋರಿಗೂ ವಿಷಯ ಗೊತ್ತಿತ್ತು ಅಂತಾಯ್ತು.

ಆದರೆ ಟ್ರಕ್ಕು, ಬಿಯರು ಹಳೇ ಹಾಡಲ್ಲೂ ಧಾರಾಳ ಇವೆ. ದೂರು ಇರೋದು ವಸ್ತುಗಳ ಮೇಲಲ್ಲ, ಅವು ಕಥೆಯಲ್ಲಿ ಏನೂ ಕೆಲಸ ಮಾಡ್ತಿಲ್ಲ ಅನ್ನೋದರ ಮೇಲೆ. ಕಂಟ್ರಿ ಬರವಣಿಗೆಯ ನಿಜವಾದ ಕಸುಬು ಏನಂದ್ರೆ, ಪಲ್ಲವಿಯ ಪದ ಬದಲಾಗದೆ ಅರ್ಥ ಬದಲಾಗಬೇಕು. ಜಾರ್ಜ್ ಜೋನ್ಸ್ 1980ರಲ್ಲಿ ಹಾಡಿದ ‘ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ’ ತಗೊಳ್ಳಿ, ಬರೆದವರು ಬಾಬಿ ಬ್ರ್ಯಾಡಕ್ ಮತ್ತು ಕರ್ಲಿ ಪಟ್ಮನ್. ಶೀರ್ಷಿಕೆ ಕೇಳಿದರೆ ಯಾರೋ ಪ್ರೀತಿ ಮರೆತ ಅನ್ಸುತ್ತೆ. ಚರಣಗಳು ಅವನ ಹಳೇ ಕಾಗದ, ಫೋಟೋ ತೋರಿಸ್ತಾ ಹೋಗ್ತವೆ. ಅವನು ಇವತ್ತು ಸತ್ತ, ಅದಕ್ಕೇ ಪ್ರೀತಿ ನಿಂತಿತು ಅಂತ ಗೊತ್ತಾದಮೇಲೆ ಪಲ್ಲವಿಯ ಅದೇ ಸಾಲು ಬೇರೆಯದೇ ಆಗಿ ಕೇಳುತ್ತೆ. ಆ ಕಾಗದ, ಫೋಟೋ ಇಲ್ಲದಿದ್ದರೆ ಹಾಡೇ ಇಲ್ಲ. ಬ್ರೋ-ಕಂಟ್ರಿ ಹಾಡಿನ ನದಿ ದಂಡೆ ತೆಗೆದು ಮೈದಾನ ಹಾಕಿ, ಒಂದು ಕೂದಲೂ ಕೊಂಕಲ್ಲ.

ಹೀಗಾಗಿದ್ದಕ್ಕೆ ಬರೆಯೋರ ಸೋಮಾರಿತನ ಕಾರಣ ಅಂದುಕೊಳ್ಳಬೇಡಿ, ದುಡ್ಡಿನ ಲೆಕ್ಕ ಇದೆ. ಸಿಡಿ ಕಾಲದಲ್ಲಿ ಆಲ್ಬಂನ ಪ್ರತಿ ಹಾಡಿಗೂ, ಮಾರಾಟವಾದ ಪ್ರತಿ ಪ್ರತಿಗೆ, ಒಂದೇ ದರದ ರಾಯಲ್ಟಿ. 2006ರಿಂದ 2022ರವರೆಗೆ ಅದು 9.1 ಸೆಂಟ್. ಹತ್ತು ಲಕ್ಷ ಪ್ರತಿ ಹೋದರೆ 91,000 ಡಾಲರ್, ಬರೆದವರು ಮತ್ತು ಪ್ರಕಾಶಕರ ನಡುವೆ ಪಾಲು. ಹಾಡು ಎಂಟನೇದಾಗಿರಲಿ, ರೇಡಿಯೋದಲ್ಲಿ ಒಮ್ಮೆಯೂ ಬರದಿರಲಿ, ಅಷ್ಟೇ ಸಿಗೋದು. ಅದಕ್ಕೇ ಒಬ್ಬ ಬರಹಗಾರ ಧೈರ್ಯವಾಗಿ ಒಂದು ವಿಚಿತ್ರ ದುಃಖದ ಹಾಡು ಬರೆದು ಆಲ್ಬಂನ ಕೊನೇಲಿ ಸೇರಿಸಿ ಜೀವನ ಮಾಡಬಹುದಿತ್ತು. ಸ್ಟ್ರೀಮಿಂಗ್ ಬಂದು ಆ ಆದಾಯ ಒಣಗಿತು. ದುಡ್ಡು ಉಳಿದದ್ದು ರೇಡಿಯೋ ಸಿಂಗಲ್‌ನಲ್ಲಿ ಮಾತ್ರ. ಅಮೆರಿಕದ ಎಎಂ/ಎಫ್‌ಎಂ ರೇಡಿಯೋ ಹಾಡಿದವರಿಗೆ ರಾಯಲ್ಟಿ ಕೊಡಲ್ಲ, ಬರೆದವರಿಗೆ ಕೊಡುತ್ತೆ. ಹಾಗಾಗಿ ಎಲ್ಲರೂ ಅದೇ ಒಂದು ಬಾಗಿಲಿಗೆ ಬರೀತಾರೆ. ಬರೆಯೋ ಕೋಣೆಗೆ ಲ್ಯಾಪ್‌ಟಾಪ್ ಹಿಡಿದ "ಟ್ರ್ಯಾಕ್ ಗಯ್" ಬರ್ತಾನೆ, ಮೊದಲು ಲೂಪ್ ಹಾಕ್ತಾನೆ, ಅದರ ಮೇಲೆ ಪದ ತುಂಬೋದು. ಲೂಪ್ ಮೊದಲು ಬಂದ ಕಡೆ ಮಾತು ಅದರ ಅಳತೆಗೆ ಹೊಲಿದ ಅಂಗಿ ಆಗುತ್ತೆ.

ಹೊಸ_ಕೇಳುಗ

ಎಲ್ಲರಿಗೂ ಧನ್ಯವಾದ, ಚಿತ್ರ ಸ್ಪಷ್ಟ ಆಗ್ತಿದೆ. ಇನ್ನೆರಡು ಸಣ್ಣ ಪ್ರಶ್ನೆ. ಒಂದು, ಈ ಚರ್ಚೆಗಳಲ್ಲಿ "ಟೊಮೇಟೊ" ಅಂತ ಪದೇ ಪದೇ ಬರುತ್ತಲ್ಲ, ಏನದು? ಎರಡು, ರೇಡಿಯೋ ಇಷ್ಟು ಕೆಟ್ಟದ್ದಾದ್ರೆ ಈಗ ಸ್ಟ್ರೀಮಿಂಗ್ ಇದೆಯಲ್ಲ, ಸರಿಹೋಗಬೇಕಿತ್ತಲ್ವಾ?

ಅಲೆಯ_ಲೆಕ್ಕ

ಟೊಮೇಟೊ: 2015ರ ಮೇನಲ್ಲಿ ಕೀತ್ ಹಿಲ್ ಎಂಬ ರೇಡಿಯೋ ಸಲಹೆಗಾರ ‘ಕಂಟ್ರಿ ಏರ್‌ಚೆಕ್’ ಎಂಬ ಉದ್ಯಮ ಪತ್ರಿಕೆಯಲ್ಲಿ, ರೇಟಿಂಗ್ ಬೇಕಿದ್ದರೆ ಗಾಯಕಿಯರನ್ನು ಕಡಿಮೆ ಮಾಡಿ ಎಂದರು. ಸಲಾಡ್‌ನಲ್ಲಿ ಲೆಟಿಸ್ ಎಲೆ ಎಂದರೆ ಗಂಡಸರು, ಹೆಂಗಸರು ಮೇಲೆ ಅಲ್ಲೊಂದು ಇಲ್ಲೊಂದು ಹಾಕುವ ಟೊಮೇಟೊ, ಎಂಬುದು ಅವರ ಹೋಲಿಕೆ. ಇಬ್ಬರು ಗಾಯಕಿಯರ ಹಾಡನ್ನು ಬೆನ್ನುಬೆನ್ನಿಗೆ ಹಾಕಬಾರದೆಂಬ ಬರೆಯದ ನಿಯಮ ಅದಕ್ಕೂ ಹಿಂದಿನದು. ಒಟ್ಟಾವಾ ವಿಶ್ವವಿದ್ಯಾಲಯದ ಜಾಡಾ ವಾಟ್ಸನ್ ವರ್ಷಾಂತ್ಯದ ಪ್ರಸಾರ ಪಟ್ಟಿಗಳನ್ನು ಎಣಿಸಿದರು: ಗಾಯಕಿಯರ ಹಾಡುಗಳ ಪಾಲು 2000ದಲ್ಲಿ ಶೇ. 33.3 ಇದ್ದದ್ದು 2018ಕ್ಕೆ ಶೇ. 11.3.

ಇಲ್ಲಿ ಹಾವು ತನ್ನ ಬಾಲವನ್ನೇ ನುಂಗುತ್ತದೆ. ಕಡಿಮೆ ಹಾಕಿದರೆ ಜನರಿಗೆ ಪರಿಚಯ ಕಡಿಮೆ. ಪರಿಚಯವಿಲ್ಲದ ದನಿಗೆ ಕಾಲ್‌ಔಟ್‌ನಲ್ಲಿ ಅಂಕ ಕಡಿಮೆ. ಅಂಕ ಕಡಿಮೆಯೆಂದು ಮತ್ತಷ್ಟು ಕಡಿಮೆ ಹಾಕುತ್ತಾರೆ. ಆಮೇಲೆ ಅದೇ ಅಂಕವನ್ನು ತೋರಿಸಿ "ಜನರಿಗೆ ಬೇಡ" ಎನ್ನುತ್ತಾರೆ.

ಚರ್ಮದ ಬಣ್ಣದ ವಿಷಯದಲ್ಲೂ ಇದೇ ಕಥೆ, ಇನ್ನೂ ಹಳೆಯದು. ಬ್ಯಾಂಜೊ ಆಫ್ರಿಕಾದಿಂದ ಬಂದವರು ತಂದ ವಾದ್ಯ. 1920ರ ದಶಕದಲ್ಲಿ ಕಂಪನಿಗಳು ಬಿಳಿಯರ ಗಾನತಟ್ಟೆಗಳಿಗೆ "ಹಿಲ್‌ಬಿಲಿ", ಕರಿಯರದ್ದಕ್ಕೆ "ರೇಸ್" (ಜನಾಂಗ) ಎಂದು ಬೇರೆ ಬೇರೆ ಪಟ್ಟಿ ಮಾಡಿ ಮಾರಿದವು. 2019ರ ಮಾರ್ಚ್‌ನಲ್ಲಿ ಕಪ್ಪು ರ‍್ಯಾಪರ್ ಲಿಲ್ ನಾಸ್ ಎಕ್ಸ್‌ನ ‘ಓಲ್ಡ್ ಟೌನ್ ರೋಡ್’ ಹಾಡನ್ನು, ಈಗಿನ ಕಂಟ್ರಿಯ ಅಂಶ ಸಾಲದೆಂದು, ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯಿಂದ ತೆಗೆಯಿತು. ಬಿಳಿಯ ಗಾಯಕರು ಆರು ವರ್ಷದಿಂದ ಹಿಪ್‌ಹಾಪ್ ಲೂಪ್ ಹಾಕಿ ಅದೇ ಪಟ್ಟಿಯ ತುದಿಯಲ್ಲಿದ್ದಾಗ ಈ ಮಾತು! ಆ ಹಾಡು ಹಾಟ್ 100ರಲ್ಲಿ 19 ವಾರ ಮೊದಲನೆಯದಾಗಿತ್ತು. 2024ರಲ್ಲಿ ಬಿಯಾನ್ಸೆ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿದ ಮೊದಲ ಕಪ್ಪು ಮಹಿಳೆಯಾದರು; ಆ ವರ್ಷ ಸಿಎಂಎಯಲ್ಲಿ ಒಂದು ನಾಮನಿರ್ದೇಶನವೂ ಸಿಗಲಿಲ್ಲ, ಮುಂದಿನ ಫೆಬ್ರುವರಿಯಲ್ಲಿ ಗ್ರ್ಯಾಮಿಯ ಕಂಟ್ರಿ ಆಲ್ಬಂ ಪ್ರಶಸ್ತಿ ಬಂತು.

ತಂತಿನಾದ

ಸ್ಟ್ರೀಮಿಂಗ್ ಬಗ್ಗೆ: ಅರ್ಧ ಸರಿಹೋಯ್ತು, ಅರ್ಧ ಹೊಸ ತೊಂದರೆ.

ಸರಿಹೋದ ಅರ್ಧ ಏನಂದ್ರೆ, ರೇಡಿಯೋ ಬಾಗಿಲು ತಟ್ಟದೆಯೇ ಜನ ಸಿಗ್ತಾರೆ. ಗಾಯಕ ಕ್ರಿಸ್ ಸ್ಟೇಪಲ್‌ಟನ್ 2015ರ ನವೆಂಬರ್‌ನಲ್ಲಿ ಸಿಎಂಎ ವೇದಿಕೆ ಮೇಲೆ ಹಾಡಿ, ಮೂರು ಪ್ರಶಸ್ತಿ ಗೆದ್ದು, ಕೆಲವೇ ದಿನದಲ್ಲಿ ಆಲ್ಬಂ ಪಟ್ಟಿಯ ತುದಿಗೆ ಹೋದರು. ಟಿವಿಯಲ್ಲಿ ಒಂದು ಸಲ ಕೇಳಿಸಿದ್ದಷ್ಟೇ ಸಾಕಾಯ್ತು. ಕಂಟ್ರಿ ರೇಡಿಯೋದಲ್ಲಿ ಅವರ ಸ್ವಂತ ಹಾಡು ನಂಬರ್ ಒನ್ ಆಗಿದ್ದು 2018ರಲ್ಲಿ. ಜ್ಯಾಕ್ ಬ್ರಯನ್, ಟೈಲರ್ ಚೈಲ್ಡರ್ಸ್ ಥರದ ಗಾಯಕರು ಬೆಳೆದದ್ದೂ ಹೆಚ್ಚಾಗಿ ಫೋನಿನಲ್ಲಿ, ಟೂರಿನಲ್ಲಿ. "ಜನರಿಗೆ ಅದೇ ಬೇಕು" ಅನ್ನೋ ವಾದಕ್ಕೆ ಇದು ನೇರ ಉತ್ತರ.

ತೊಂದರೆ ಅರ್ಧ: ಉದ್ದ. 2018ರಲ್ಲಿ ಬಂದ ಬಿಲ್‌ಬೋರ್ಡ್ ಲೆಕ್ಕದಲ್ಲಿ, 2026ರ ಜನವರಿಯಲ್ಲಿ ಅದು ಬದಲಾಗೋವರೆಗೆ, ಚಂದಾದಾರರ 1,250 ಸ್ಟ್ರೀಮ್ ಅಂದ್ರೆ ಒಂದು ಆಲ್ಬಂ ಮಾರಾಟ. 12 ಹಾಡಿನ ಆಲ್ಬಂ ಆದ್ರೆ ಮೊದಲಿನಿಂದ ಕೊನೆವರೆಗೆ 105 ಸಲ ಕೇಳಿದಾಗ ಒಂದು ಮಾರಾಟ. 36 ಹಾಡಿದ್ದರೆ 35 ಸಲ ಸಾಕಿತ್ತು. ವಾಲನ್‌ರ 2021ರ ಆಲ್ಬಂನಲ್ಲಿ 30 ಹಾಡು, 2023ರದ್ದರಲ್ಲಿ 36, 2025ರದ್ದರಲ್ಲಿ 37. 2023ರದ್ದು ಒಟ್ಟು 19 ವಾರ ಮೊದಲ ಸ್ಥಾನದಲ್ಲಿತ್ತು. ಅವರಿಗೆ ಗಂಟಲಿದೆ, ಅದನ್ನ ಅಲ್ಲಗಳೆಯಲ್ಲ. ಆದರೆ 36 ಹಾಡು ಒಂದೇ ಮಧ್ಯಮ ವೇಗದಲ್ಲಿ, ಅದೇ ಚಿಟಿಕೆ ಸದ್ದಲ್ಲಿ ಬಂದರೆ ಯಾವ ಗಂಟಲೂ ಕಾಪಾಡಲ್ಲ. ಎಲ್ಲಿ ಒಂದು ಮುಗೀತು, ಎಲ್ಲಿ ಇನ್ನೊಂದು ಶುರುವಾಯ್ತು ಅಂತ ಗೊತ್ತಾಗಬಾರದು ಅನ್ನೋದೇ ಪ್ಲೇಲಿಸ್ಟಿನ ಧರ್ಮ, ಏನ್ ಮಾಡೋದು.

ಚರಣ_ಪಲ್ಲವಿ

ನೀವೇ ಪರೀಕ್ಷೆ ಮಾಡಿ ನೋಡಬೇಕಂದ್ರೆ ಹೀಗೆ ಮಾಡಿ. 1990ರ ದಶಕದ ಒಂದು ಹಿಟ್, 2013–17ರ ಒಂದು ಹಿಟ್ ಆರಿಸಿ, ಹೆಡ್‌ಫೋನ್ ಹಾಕ್ಕೊಳ್ಳಿ. ಫೋನ್ ಸ್ಪೀಕರ್‌ನಲ್ಲಿ 808 ಬಾಸ್ ಕೇಳಲ್ಲ, ತಪ್ಪು ತೀರ್ಮಾನಕ್ಕೆ ಬರ್ತೀರಿ.

ಮೊದಲ ಸಲ ಬರೀ 2 ಮತ್ತು 4ನೇ ಎಣಿಕೆ ಕೇಳಿ: ಚರ್ಮದ ಮೇಲೆ ಕೋಲಿನ ಪೆಟ್ಟೋ, ಚಿಟಿಕೆಯೋ, ಎರಡೂ ಸೇರಿದ್ದೋ? ಎರಡನೇ ಸಲ ಸಾಲು ಮುಗಿದ ಮೇಲಿನ ಖಾಲಿ ಜಾಗದಲ್ಲಿ ಯಾರು ಉತ್ತರ ಕೊಡ್ತಾರೆ ಗಮನಿಸಿ. ಮೂರನೇ ಸಲ ಚರಣದಿಂದ ಪಲ್ಲವಿಗೆ ದಾಟುವಾಗ ಕಾರ್ಡಿನ ಸಾಲು ಬದಲಾಯ್ತಾ, ಇಲ್ಲಾ ಸದ್ದು ಜೋರಾಯ್ತಷ್ಟೇನಾ? ಆಮೇಲೆ ಹಾಡು ನಿಲ್ಲಿಸಿ, ಎರಡನೇ ಚರಣದಲ್ಲಿ ಮೊದಲನೇದಕ್ಕಿಂತ ಹೊಸದೇನು ಗೊತ್ತಾಯ್ತು ಅಂತ ಒಂದು ಸಾಲು ಬರೀರಿ. ಬರೆಯೋಕೆ ಏನೂ ಸಿಗದಿದ್ದರೆ ಬೈಯೋರು ಯಾಕೆ ಬೈತಾರೆ ಅಂತ ಹೇಳಬೇಕಿಲ್ಲ.

ಜನ ಎಡವೋದು ಒಂದು ಕಡೆ: ಸ್ಟೀಲ್ ಕೇಳಿಸಿತು ಅಂದ ತಕ್ಷಣ "ಇದು ಅಸಲಿ" ಅಂದುಬಿಡ್ತಾರೆ. ಈಚೆಗೆ ಸ್ಟೀಲ್ ವಾಪಸ್ ಫ್ಯಾಷನ್ ಆಗಿದೆ, ಮಿಕ್ಸ್‌ನಲ್ಲೂ ಮುಂದೆ ಬಂದಿದೆ. ಎರಡನೇ ಚರಣ ಮಾತ್ರ ಎಷ್ಟೋ ಹಾಡಲ್ಲಿ ಇನ್ನೂ ಅಲ್ಲೇ ಟ್ರಕ್ಕಿನ ಹಿಂಬಾಗಿಲ ಮೇಲೆ ಕೂತಿದೆ.

ಧಾರವಾಡ_ಫೇಡಾ

ಪ್ಯಾಟ್ಸಿ ಕ್ಲೈನ್ ಹಾಡಿಗೆ ಈ ಪರೀಕ್ಷಾ ಹಚ್ಚಿದೆ. ಸ್ಟೀಲ್ ಹಿಂದ ಸರದೈತಿ, ಕೋರಸ್ ಬೆಣ್ಣಿ ಸವರಿದಂಗ ಐತಿ, ಆದ್ರ ಚರಣ ಪಾಸು. ಹಂಗಾದ್ರ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಂಗಾತು ಬಿಡ್ರಿ.